ಬೆನ್ನ ಹಿಂದಿನ ಮಾತು

ಭತ್ತದ ಹೊಟ್ಟು ಸುಟ್ಟ ವಾಸನೆ, ಗಂಗಾವತಿಯ ಗಾಳಿಯಲ್ಲಿ ಯಾವಾಗಲೂ ಇರುವುದೇ, ಆದರೂ ಇವತ್ತು ಕಾಲೇಜಿನ ಲ್ಯಾಬಿನ ಕಿಟಕಿಯಿಂದ ಬಂದು ಹೇಮಾಳ ಗಂಟಲಲ್ಲೇ ಕೂತಿದೆ — ಇದೇ ವಾಸನೆ ಸೀರೆಗೆ ಹತ್ತಿಸಿಕೊಂಡು ಅವ್ವ ಮಾರೆವ್ವ ರೈಸ್‌ಮಿಲ್ಲಿನಿಂದ ಮನಿಗೆ ಬರುತ್ತಿದ್ದಳು, ಮಷೀನಿನ ಪಕ್ಕ ನಿಂತು ನಿಂತು ಕಿವಿ ಸೋತವು, ಮೊದಲು ಫೋನು ಕೇಳದಾಯಿತು, ಆಮೇಲೆ ಬಾಗಿಲು ಬಡಿದದ್ದು, ಆಮೇಲೆ ಮಗಳ ಮಾತು, ಅಂಗಡಿಯಿಂದ ತಂದ ಕಿವಿ ಮಷೀನನ್ನು, ಬ್ಯಾಡ ಮಗಳ, ಎಲ್ಲಾ ಒಮ್ಮೆಲೆ ಒದರತಾವು, ಅಂತ ತೆಗೆದಿಟ್ಟಳು — ಅದಕ್ಕೇ ಈ ಚಿಪ್, ಹೇಮಾಳೇ ರೂಪಿಸಿದ್ದು, ಉಗುರಿಗಿಂತ ಸಣ್ಣದು, ಒಂದು ಬದಿ ಅನಲಾಗ್, ದನಿಯನ್ನು ಅಲೆಯಾಗೇ ಹಿಡಿಯುವುದು, ಇನ್ನೊಂದು ಬದಿ ಡಿಜಿಟಲ್, ಆ ಅಲೆಯನ್ನು ಅಂಕಿ ಮಾಡಿ ಮಾತು ಯಾವುದು ಗದ್ದಲ ಯಾವುದು ಎಂದು ಆರಿಸುವುದು, ಎರಡು ಬ್ಯಾರೆ ಚಿಪ್ ಹಾಕ್ರಿ ಮೇಡಂ, ಸುಮ್ಮನ ಯಾಕ ತ್ರಾಸು, ಅಂದಿದ್ದರು ಜೊತೆಗೆ ಪಾಠ ಮಾಡುವ ಮುಜೀಬ ಸರ್, ಕಿವಿ ಹಿಂದ ಎರಡು ಹಿಡಸಬೇಕಲ್ರಿ ಸರ್, ಬ್ಯಾಟರಿನೂ ಬಾಳಬೇಕು, ಅಂದಿದ್ದಳು ಇವಳು — ಆದರೆ ಹೋದ ವರ್ಷದ ಚಿಪ್ಪಿನಲ್ಲಿ ಅಂಕಿಯ ಬದಿಯ ಮಿಡಿತ ಕೇಳುವ ಬದಿಗೆ ಸೋರಿತು, ಬರೀ ಗುಂಯ್, ಕೇಳಸ್ತೈತೇನವ್ವ ಅಂದರೆ ಅವ್ವ ತಿರುಗಿ ಇವಳ ತುಟಿ ನೋಡಿ, ಕೇಳಸ್ತೈತಿ ಬಿಡು, ಛಲೋ ಮಾಡೀದಿ, ಎಂದು ನಕ್ಕಳು, ಸುಳ್ಳು, ಮಗಳ ಮುಖ ಬಾಡಬಾರದೆಂದು ಹೇಳಿದ ಸುಳ್ಳು, ಹೇಮಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಈ ಸಲ ಎರಡೂ ಬದಿಯ ನಡುವೆ ಖಾಲಿ ಪಟ್ಟಿ ಬಿಟ್ಟಿದ್ದಾಳೆ, ಕರೆಂಟಿನ ದಾರಿ ಬೇರೆ ಬೇರೆ ಮಾಡಿದ್ದಾಳೆ, ಮೀಟರು ಸರಿ ಐತಿ ಅಂತೈತಿ, ಆದರೆ ಮೀಟರು ಅವ್ವ ಅಲ್ಲ — ಅದಕ್ಕೇ ಅವ್ವನನ್ನು ಕಿಟಕಿಯ ಕಡೆ ಮುಖ ಮಾಡಿ ಕೂರಿಸಿ, ಕಿವಿಗೆ ಹೊಸ ಚಿಪ್ಪಿನ ವೈರು ಸಿಕ್ಕಿಸಿ, ತಾನು ಹಿಂದೆ ನಿಂತಿದ್ದಾಳೆ, ತುಟಿ ಕಾಣಬಾರದು, ಫ್ಯಾನು ತಿರುಗಲಿ, ಮುಜೀಬ ಸರ್ ಕುರ್ಚಿ ಎಳೆಯಲಿ, ಏನು ಕೇಳುವುದು, ಕೇಳಸ್ತೈತೇನು ಅನ್ನಬಾರದು, ಅದಕ್ಕೆ ಹೂಂ ಅಂದುಬಿಡುತ್ತಾಳೆ — ನಾಳಿ ಹುಲಿಗಿಗೆ ಹೋಗೂಣೇನವ್ವ, ಅಯ್ಯೋ ದನಿ ಯಾಕೆ ಇಷ್ಟು ಸಣ್ಣಗೆ ಬಂತು, ಅವ್ವ ಹೊರಗೆ ನೋಡುತ್ತಲೇ ಇದ್ದಾಳೆ, ಆಗಲಿಲ್ಲ, ಮತ್ತೆ ಒಂದು ವರ್ಷ, ಮತ್ತೆ — ನಾಳಿ ಮಂಗಳವಾರ, ಹುಲಿಗೆಮ್ಮನ ಗುಡಿಯಾಗ ಭಾಳ ಗದ್ಲ ಇರತೈತಿ, ಬುಧವಾರ ಹೋಗೂಣು, ಅನ್ನುತ್ತಾಳೆ ಅವ್ವ, ಹೊರಗೆ ನೋಡುತ್ತಲೇ, ತಿರುಗದೆ, ಇಷ್ಟು ವರ್ಷ ಪ್ರತಿ ಮಾತಿಗೂ ತಿರುಗಿ ತುಟಿ ಹುಡುಕುತ್ತಿದ್ದ ಕತ್ತು, ತಿರುಗಿಲ್ಲ, ಮುಜೀಬ ಸರ್ ಏನೋ ಅನ್ನುತ್ತಿದ್ದಾರೆ, ತಿರುಗಿಲ್ಲ — ತುರುಬಿನ ಕೆಳಗೆ ಒಂದು ಬಿಳಿ ಕೂದಲು ಅಂಟಿದ, ಬೆವರಿದ, ತಿರುಗದ ಕತ್ತು