ಮಂಗಳವಾರ ಹಿಂದಿರುಗಿದ ಲ್ಯಾಪ್‌ಟಾಪ್

ಹೊನ್ನೂರಿನ ಪವಿತ್ರಳ ಮನೆಯ ಪಡಸಾಲೆಯಲ್ಲಿ ಒಂದು ಎಂಬ್ರಾಯ್ಡರಿ ಮೆಷಿನ್ ಇದೆ. ಪಕ್ಕದಲ್ಲೇ ಒಂದು ಲ್ಯಾಪ್‌ಟಾಪ್. ಪವಿತ್ರ ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆಯುತ್ತಾಳೆ. ಅದು ಕೇಬಲ್ಲಿನಲ್ಲಿ ಹರಿದು ಮೆಷಿನ್ ಸೇರುತ್ತದೆ. ಮೆಷಿನ್ ಅದನ್ನೇ ರವಿಕೆಯ ಮೇಲೆ ದಾರದಲ್ಲಿ ಬರೆಯುತ್ತದೆ. ಗಿಳಿ, ಮಲ್ಲಿಗೆ ಮೊಗ್ಗು, ಬತ್ತದ ತೆನೆ, ಮಾದಪ್ಪನ ಹುಲಿ ಎಲ್ಲ ಸೇರಿ ಇನ್ನೂರಕ್ಕೂ ಹೆಚ್ಚು ಚಿತ್ರಗಳು. ಎಲ್ಲವೂ ನಾಲ್ಕು ವರ್ಷದಿಂದ ಅವಳೇ ಕೂತು ಬರೆದವು.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಅವಳು ಮೆಷಿನ್ ಮುಂದೆ ಕೂತಳು. ಒಂದು ವಾರವೆಲ್ಲ ನಾಟಿ ಕೆಲಸ, ಮೆಷಿನ್ ಮುಟ್ಟಿರಲಿಲ್ಲ. ಕಾಮಗೆರೆಯ ರಮ್ಯಳ ಮದುವೆ ರವಿಕೆ ಅರ್ಧಕ್ಕೆ ನಿಂತಿತ್ತು. ಎಡತೋಳಿನ ತುಂಬ ಹಸಿರು ಗಿಳಿಗಳು. ಬಲತೋಳು ಬರಿದು. ಗುರುವಾರ ಸಂಜೆಯೊಳಗೆ ಕೊಡಬೇಕು.

ಲ್ಯಾಪ್‌ಟಾಪ್ ತೆರೆದರೆ ಮೆಷಿನ್ನೇ ಇಲ್ಲ ಎನ್ನುತ್ತಿದೆ! ಕೇಬಲ್ ಕಿತ್ತು ಹಾಕಿದಳು, ಆರಿಸಿ ಹಚ್ಚಿದಳು, ಊದಿಯೂ ನೋಡಿದಳು. ಇಲ್ಲವೆಂದರೆ ಇಲ್ಲ.

ಗಂಡ ಮಹದೇವಪ್ರಸಾದ್ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತತೊಡಗಿದ. ಅವನ ತಾಯಿ ಗುರುಬಸಮ್ಮ ಅಲಸಂದೆಕಾಯಿ ಬಿಡಿಸುತ್ತಾ ತಲೆ ಎತ್ತಿದಳು.

"ಎಲ್ಗ್ಲಾ ಮಾದೇವ, ಕೂಸ್ನ ಸುತ್ತದಂಗೆ ಸುತ್ತೀಯೆ?"

"ಕೊಳ್ಳೇಗಾಲಕ್ಕೆ ತಕಂಡೋಯ್ತೀನಿ ಕಣವ್ವ. ಫಾರ್ಮ್ಯಾಟ್ ಮಾಡ್ಸುದ್ರೆ ಒಂದೇ ಗಂಟೆ ಕೆಲ್ಸ. ಎಲ್ಲ ಅಳಿಸ್ಬುಟ್ಟು ಹೊಸದಾಗಿ ಆಕ್ಕೊಡ್ತಾರೆ."

"ಎಲ್ಲ ಅಂದ್ರೆ? ನನ್ ಚಿತ್ರಗಳೂವಾ?" ಎಂದಳು ಪವಿತ್ರ.

ಮಹದೇವಪ್ರಸಾದನ ಕೈ ನಿಂತಿತು. "ಅದ ಕೇಳ್ಲಿಲ್ವಲ್ಲ..."

ಅಷ್ಟರಲ್ಲಿ ಮಾಲಿನಿ ಬಂದಳು. ಪಂಚಾಯಿತಿಯ ಗ್ರಂಥಾಲಯವನ್ನು ನೋಡಿಕೊಳ್ಳುವವಳು ಅವಳೇ. ಊರಿನ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವವಳೂ ಅವಳೇ. ಪವಿತ್ರ ಫೋನ್ ಮಾಡಿದ್ದಕ್ಕೆ ಗ್ರಂಥಾಲಯದ ಬಾಗಿಲು ತೆರೆಯುವ ಮುಂಚೆ ಇತ್ತ ಬಂದಿದ್ದಳು.

"ಟವಲ್ ಬಿಚ್ಚಣ್ಣ. ಕಾಯ್ಲೆ ಏನು ಅಂತ್ಲೇ ನೋಡ್ದೆ ಆಪರೇಷನ್ಗೆ ಕರ್ಕಂಡೋಯ್ತಾ ಇದೀಯಲ್ಲ!" ಎಂದು ನಕ್ಕಳು. ಆಮೇಲೆ ಪವಿತ್ರಳ ಕಡೆ ತಿರುಗಿ, "ಇದ್ರಲ್ಲಿ ಈಚೆಗೆ ಏನಾರ ಬದಲಾಯ್ತಾ?" ಎಂದಳು.

ಪವಿತ್ರ ನಾಲಿಗೆ ಕಚ್ಚಿಕೊಂಡಳು. "ಲ್ಯಾಪ್‌ಟಾಪ್ಗೆ ಹೊಸ ವರ್ಷನ್ ಬಂದದೆ, ಆಕ್ಲಾ ಆಕ್ಲಾ ಅಂತ ದಿನಾ ಕೇಳ್ತಿತ್ತು ಕಣಕ್ಕ. ಆಚೆ ಭಾನುವಾರ ಉಪ್ಪಿಟ್ಟು ಕೆದಕ್ತಾ ಇದ್ದೋಳು, ಕಾಟ ತಡೀನಾರ್ದೆ ಹೂಂ ಅಂತ ಒತ್ಬುಟ್ಟೆ."

"ಅಲ್ಲೇ ಆಗಿರಾದು. ಹೊಸ ವರ್ಷನ್ಗೆ ನಿನ್ ಮೆಷಿನ್ ಗುರ್ತು ಸಿಕ್ತಾ ಇಲ್ಲ. ಮೊದ್ಲು ಮೆಷಿನ್ ಕಂಪನಿಯೋರ್ನ ಕೇಳು. ಹೊಸದ್ರಲ್ಲಿ ನಡ್ಯಾ ಸಾಫ್ಟ್‌ವೇರ್ ಕೊಟ್ರೆ ಇಷ್ಟೆಲ್ಲ ಪಾಡೇ ಬ್ಯಾಡ."

ಪವಿತ್ರ ಕಂಪನಿಗೆ ಫೋನ್ ಮಾಡಿ ಕೇಳಿದಳು. ಆ ಮಾದರಿಯ ಮೆಷಿನ್‌ಗೆ ಇನ್ನೂ ಬಂದಿಲ್ಲ, ಬರಲು ಎರಡು ಮೂರು ತಿಂಗಳಾಗಬಹುದು ಎಂದರು. ಅವಳ ಕಣ್ಣು ಬರಿದಾದ ಬಲತೋಳಿನ ಮೇಲೆ ನಿಂತಿತು.

"ಅಳಬ್ಯಾಡ ಸುಮ್ನಿರು," ಎಂದಳು ಮಾಲಿನಿ. "ಹಳೇ ವರ್ಷನ್ ಎಲ್ಗೂ ಓಗಿಲ್ಲ. ಇದ್ರೊಳ್ಗೇ ಒಂದು ಮೂಲೇಲಿ ಕೂತದೆ. ಹೊಸದು ಆಕುದ್ ಮೇಲೆ ಹತ್ತು ದಿನ ಅದ್ನ ಉಳುಸ್ಕಂಡಿರ್ತದೆ. ಆಮೇಲೆ ತಾನೇ ಅಳಿಸಾಕ್ತದೆ." ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ಒತ್ತಿ, ರಿಕವರಿ ಎಂಬಲ್ಲಿಗೆ ಹೋದಳು. ಅಲ್ಲಿ 'ಗೋ ಬ್ಯಾಕ್', ಅಂದರೆ ಹಿಂತಿರುಗು, ಎಂಬ ಬಟನ್ ಇತ್ತು.

"ಹಂಗಾದ್ರೆ ಒತ್ತು ಮತ್ತೆ!" ಎಂದು ಮಹದೇವಪ್ರಸಾದ್ ಬೆರಳು ಚಾಚಿದ.

"ಒತ್ತೀಯೆ ಜ್ವಾಕೆ!" ಗುರುಬಸಮ್ಮ ಬೆರಳು ಮಡಿಸಿ ದಿನ ಎಣಿಸುತ್ತಿದ್ದಳು. "ಆಚೆ ಭಾನುವಾರದಿಂದ ಇವತ್ತಿಗೆ ಒಂಬತ್ತು. ಒಂಬತ್ತನೇ ದಿನ ಯಾರೂ ಮನೆಗೆ ಹಿಂತಿರುಗಬಾರ್ದು. ನಾಳೆ ಮಂಗಳವಾರ, ಅದೂ ಆಗಾಕಿಲ್ಲ. ಬುಧವಾರ ಒಳ್ಳೇ ದಿನ ಅದೆ, ಒತ್ಕಳಿ."

"ಬುಧವಾರಕ್ಕೆ ಆ ಬಟನ್ನೇ ಇರಲ್ಲ ದೊಡ್ಡವ್ವ," ಎಂದಳು ಮಾಲಿನಿ.

"ಇರ್ದೆ ಎಲ್ಗೋದದು? ನಾನೇನು ಸೀರೆ ಸೆರಗ್ಗೆ ಕಟ್ಕಂಡನಾ?"

ಮಾಲಿನಿ ಹಿರಿಯಳ ಮಾತನ್ನು ಹಳಿಯಲಿಲ್ಲ. ಅವಳ ಪಕ್ಕ ಕೂತು ತಾನೂ ಎರಡು ಅಲಸಂದೆಕಾಯಿ ಬಿಡಿಸಿದಳು.

"ಸರಿ ದೊಡ್ಡವ್ವ. ಇವತ್ತು ಹಿಂತಿರುಗಾದು ಬ್ಯಾಡ. ಹೆಂಗೂ ಇವತ್ತು ಬೇರೆ ಕೆಲ್ಸ ಅದೆ. ಹಿಂದಕ್ಕೆ ಓಗಾಗ ನಮ್ ಫೈಲ್ಗಳು ಸಾಮಾನ್ಯಕ್ಕೆ ಉಳ್ಕತವೆ. ಆದ್ರೆ ಉಳ್ಕತವೆ ಅಂತ ನಂಬ್ಕಂಡು ಕೂರಬಾರ್ದು. ನಡುವೆ ಏನಾರ ಕೆಟ್ರೆ? ಅದ್ಕೆ ಮೊದ್ಲು ಚಿತ್ರ ಎಲ್ಲಾನೂ ಕಾಪಿ ಮಾಡಿ ಹೊರಗೆ ಇಡ್ಬೇಕು."

ಗುರುಬಸಮ್ಮನ ಮುಖ ಅರಳಿತು. "ಬಿತ್ನೆ ಬತ್ತ ಬೇರೆ ಎತ್ತಿಟ್ಟು ಮಿಕ್ಕಿದ್ದ ಮಿಲ್ಲಿಗೆ ಕಳಿಸ್ತೀವಲ್ಲ, ಹಂಗೆ ಅನ್ನು."

"ಹಂಗೇಯ!"

ಪವಿತ್ರ ಎರಡು ಪೆನ್‌ಡ್ರೈವ್ ತಂದಳು. ಚಿತ್ರಗಳೆಲ್ಲ ಎರಡಕ್ಕೂ ಹೋದವು. ಮಾಲಿನಿ ಅಷ್ಟಕ್ಕೇ ಬಿಡಲಿಲ್ಲ. ಅವನ್ನು ಗ್ರಂಥಾಲಯಕ್ಕೆ ಒಯ್ದು, ಅಲ್ಲಿನ ಕಂಪ್ಯೂಟರಿನಲ್ಲಿ ಹಾಕಿ, ಇಲ್ಲಿ ಇದ್ದಷ್ಟೂ ಅಲ್ಲಿ ಇವೆಯೇ ಎಂದು ಪವಿತ್ರಳ ಕೈಯಲ್ಲೇ ಎಣಿಸಿ ನೋಡಿಸಿದಳು. ಒಂದೂ ಕಡಿಮೆಯಾಗಿರಲಿಲ್ಲ. ನಾಟಿ ವಾರದಲ್ಲಿ ಹೊಸದಾಗಿ ಹಾಕಿದ ಪ್ರೋಗ್ರಾಂ ಏನಾದರೂ ಇದ್ದರೆ ಅದು ಹೋಗುತ್ತದೆ, ಮತ್ತೆ ಹಾಕಿಕೊಳ್ಳಬೇಕು ಎಂದೂ ಹೇಳಿದಳು. ಜಾಗ ಮಾಡಿಕೊಳ್ಳಲೆಂದು ಹಳೆಯ ಫೈಲುಗಳನ್ನು ಅಳಿಸಲು ಹೋಗಬೇಡಿ, ಅದರ ಜೊತೆ ಹಳೆಯ ವರ್ಷನ್ನೂ ಅಳಿದುಹೋದೀತು ಎಂದು ಮಹದೇವಪ್ರಸಾದನಿಗೆ ಎರಡು ಸಲ ಹೇಳಿದಳು.

"ಎರಡು ಸಲ ಯಾಕ ಹೇಳೀಯೆ?"

"ನಿನ್ ಬೆರಳು ಕಂಡೀವ್ನಿ ಕಣಣ್ಣ."

ಉಳಿದದ್ದು ಮಂಗಳವಾರದ ಮಾತು. ಗುರುಬಸಮ್ಮ ಇನ್ನೂ ತಲೆ ಆಡಿಸುತ್ತಲೇ ಇದ್ದಳು. "ಮಂಗಳವಾರ ಮಗಳ ಗಂಡನ ಮನೆಗೆ ಕಳಿಸಾಕಿಲ್ಲ ನಾವು."

"ಕಳಿಸಬ್ಯಾಡಿ ದೊಡ್ಡವ್ವ. ಆದ್ರೆ ಮಂಗಳವಾರ ನಿಮ್ ಮಗಳು ತಾನಾಗೇ ತವರಿಗೆ ಬಂದ್ಲು ಅನ್ನಿ. ಬಾಗಿಲಾಕ್ಬುಟ್ಟೀರಾ?"

ಗುರುಬಸಮ್ಮ ಬಾಯಿ ತುಂಬ ನಕ್ಕಳು. "ಅಯ್ ನಿನ್ನ! ಬಂದ ಮಗಳ್ಗೆ ಯಾರಾರ ಬಾಗಿಲಾಕಾರಾ? ಬೆಟ್ಟದ ಮಾದಪ್ಪನೇ ಬಂದೋರ್ನ ಯಾವ ವಾರ ಅಂತ ಕೇಳಾಕಿಲ್ಲ. ಬರ್ಲಿ ಬುಡು, ನಾಳೆನೇ ಬರ್ಲಿ."

ಮಂಗಳವಾರ ಬೆಳಿಗ್ಗೆ ಕರೆಂಟ್ ಇರುವಾಗಲೇ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಯಿತು. ಚಾರ್ಜರ್ ಹಾಕಿಯೇ ಇಟ್ಟರು. ಮಾಲಿನಿಯೂ ಬಂದಳು. ಪವಿತ್ರ ತನ್ನ ಹಳೆಯ ಪಾಸ್‌ವರ್ಡ್ ನೆನಪಿಸಿಕೊಂಡಳು. ಗುರುಬಸಮ್ಮ ಮೆಷಿನ್‌ಗೆ ವಿಭೂತಿ ಹಚ್ಚಿ, ಲ್ಯಾಪ್‌ಟಾಪಿಗೂ ಒಂದು ಬೊಟ್ಟು ಇಟ್ಟಳು. ಪವಿತ್ರ ಬಟನ್ ಒತ್ತಿದಳು.

ಪರದೆ ಕಪ್ಪಾಯಿತು. ಬೆಳಗಿತು. ಮತ್ತೆ ಕಪ್ಪಾಯಿತು. ಮಹದೇವಪ್ರಸಾದನ ಬೆರಳು ಪವರ್ ಬಟನ್ ಕಡೆ ಹೊರಟಿತು. ತಾಯಿ ಅದರ ಮೇಲೊಂದು ಏಟು ಕೊಟ್ಟಳು.

"ಹೆರಿಗೆ ಮನೆ ಬಾಗಿಲ ಬಡಿಯಾಕ ಓದಂಗೆ ಓಯ್ತೀಯಲ್ಲ! ಕೂತ್ಕ ಅತ್ಲಾಗಿ."

ಅರ್ಧ ಗಂಟೆಗೆ ಹಳೆಯ ಪರದೆ ಬಂತು. ಪವಿತ್ರ ಕೇಬಲ್ ಹಾಕಿದಳು. ಮೆಷಿನ್‌ನ ಹಸಿರು ದೀಪ ಹತ್ತಿತು. ಟಕಟಕ ಸದ್ದು ಪಡಸಾಲೆ ತುಂಬಿತು. ಬರಿದಾಗಿದ್ದ ತೋಳಿನ ಅಂಚಿನಲ್ಲಿ ಮೊದಲು ಒಂದು ಕೊಕ್ಕು, ಆಮೇಲೆ ಒಂದು ರೆಕ್ಕೆ ಮೂಡಿತು. ಪವಿತ್ರ ನಗುತ್ತಲೇ ಕಣ್ಣು ಒರೆಸಿಕೊಂಡಳು.

ಹೊರಡುವ ಮುಂಚೆ ಮಾಲಿನಿ ಇನ್ನೊಂದು ಮಾತು ಹೇಳಿದಳು. "ಹಳೇ ವರ್ಷನ್ಗೆ ಕಾವಲು ಕಮ್ಮಿ ಕಣ್ ಪವಿತ್ರ. ಅದ್ಕೆ ಇದ್ರಲ್ಲಿ ಬ್ಯಾಂಕಿನ್ ಕೆಲ್ಸ ಬ್ಯಾಡ. ಕಸೂತಿ ಮಾಡಾಗ ಇಂಟರ್ನೆಟ್ ಆರಿಸ್ಬುಡು. ಕಂಪನಿಯೋರು ಹೊಸ ಸಾಫ್ಟ್‌ವೇರ್ ಕೊಟ್ಟ ದಿನ ಹೊಸ ವರ್ಷನ್ಗೆ ಓಗವ. ಅಂದೂ ಮೊದ್ಲು ಕಾಪಿ."

ಗುರುವಾರ ರಮ್ಯ ಬಂದು ರವಿಕೆ ತೊಟ್ಟು, ಎರಡೂ ತೋಳು ಎತ್ತಿ ಕನ್ನಡಿಯ ಮುಂದೆ ತಿರುಗಿದಳು. ಎಡದ ಗಿಳಿ, ಬಲದ ಗಿಳಿ ಒಂದನ್ನೊಂದು ನೋಡಿದವು. "ಯಾವ್ದು ಮೊದ್ಲು ಮಾಡಿದ್ದು ಅಂತ ಹೇಳಕ್ಕ?" ಎಂದಳು. ಪವಿತ್ರಳನ್ನು ಬಿಟ್ಟು ಯಾರಿಗೂ ಹೇಳಲಾಗುತ್ತಿರಲಿಲ್ಲ, ಎರಡೂ ಅಷ್ಟು ಒಂದೇ ಆಗಿದ್ದವು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಅನ್ನ ಕೊಡುವ ಒಂದು ಲ್ಯಾಪ್‌ಟಾಪ್ ಇರಬಹುದು. ಹೊಸ ವರ್ಷನ್ ಬಂತೆಂದು ಅದು ಕೇಳಿದಾಗ, ನಿಮ್ಮ ಮೆಷಿನ್, ಪ್ರಿಂಟರ್ ಅದರಲ್ಲಿ ನಡೆಯುತ್ತವೆಯೇ ಎಂದು ಮೊದಲು ವಿಚಾರಿಸಿ. ಹಾಕಿದ ಮೇಲೆ ಕೆಲಸ ನಿಂತರೆ ದಿನ ಎಣಿಸಿ. ಹಿಂದಿರುಗಲು ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಷ್ಟು ದಿನದ ಅವಕಾಶವಿದೆ ಎಂದು ತಿಳಿದವರನ್ನು ಅಂದೇ ಕೇಳಿ. ಅಂಗಡಿಗೆ ಕೊಡುವುದಾದರೂ, ಮನೆಯಲ್ಲೇ ಮಾಡುವುದಾದರೂ, ನೀವು ಬರೆದದ್ದನ್ನೆಲ್ಲ ಎರಡು ಕಡೆ ಇಟ್ಟು, ತೆರೆದು ನೋಡಿ, ಆಮೇಲೆ ಮುಂದುವರಿಯಿರಿ. ಇದನ್ನು ಓದುತ್ತಿರುವ ಈಗಲೇ ಎದ್ದು ಒಂದು ಪೆನ್‌ಡ್ರೈವ್ ಹುಡುಕಿ. ದೇವರು ನಿಮ್ಮ ಕೈ ಕೆಲಸವನ್ನು ಕಾಯಲಿ.