ಲ್ಯಾಪ್‌ಟಾಪಿನ ಕೀಲು

"ಕೈ ತೆಗಿ!" ಎಂದು ಕಿರುಚಿದ ಭಾಗ್ಯಮ್ಮ ಬೆಂಕಿಯ ಮಡಕೆಯನ್ನು ತನ್ನತ್ತ ಎಳೆದುಕೊಂಡಳು. ಮಡಕೆ ಎತ್ತಿಕೊಳ್ಳಲು ಒದ್ದೆ ಪಂಚೆಯಲ್ಲಿ ಬಗ್ಗಿದ್ದ ಅನಿಲ್‌ಕುಮಾರ್ ಹಾಗೇ ನಿಂತುಬಿಟ್ಟ. ಪಕ್ಕದಲ್ಲೇ ಚಟ್ಟದ ಮೇಲೆ ಅವಳ ಗಂಡ ಗೋವಿಂದರಾಜು ಮಲಗಿದ್ದ.

"ಗಂಡುಮಕ್ಕಳಿಲ್ಲದ ಮನೆ. ತಮ್ಮನ ಮಗ ಹಿಡೀದೆ ಇನ್ಯಾರು ಹಿಡೀತಾರೆ ಅತ್ತಿಗೆ?" ಎಂದ ಮೈದುನ ಆವಲಪ್ಪ, ಅಂಗಳಕ್ಕೆಲ್ಲ ಕೇಳುವಂತೆ.

"ಮನೆ ಮಧ್ಯ ಗೋಡೆ ಎಬ್ಬಿಸ್ದಾಗ ಅಣ್ಣ ಬೇಕಾಗಿರ್ಲಿಲ್ಲ. ಈಗ ಮಗನ್ನ ಕರ್ಕೊಂಡು ಬಂದ್ಬಿಟ್ಯಾ?"

"ಹಂಗಾದ್ರೆ ನಿಮ್ಮ ಮಗಳನ್ನೇ ಕರೀರಿ. ಅಪ್ಪನ ಮುಖಾನೂ ನೋಡ್ದೆ ಬಾಗ್ಲು ಹಾಕ್ಕೊಂಡು ಕೂತವ್ಳಲ್ಲ."

ಮಾತು ಸರಿಯಾಗಿಯೇ ನಾಟಿತು, ಏಕೆಂದರೆ ಅದು ನಿಜ. ನವ್ಯಶ್ರೀ ಬೆಳಗಿನಿಂದ ಕೋಣೆ ಬಿಟ್ಟು ಬಂದಿರಲಿಲ್ಲ. ಅಪ್ಪನೊಂದಿಗೆ ಮಾತು ಬಿಟ್ಟು ತಿಂಗಳುಗಳಾಗಿದ್ದವು. ಅವಳು ಬರದಿದ್ದರೆ, ಯಾರ ಮನೆಯ ನೀರನ್ನೂ ಗೋವಿಂದರಾಜು ಮುಟ್ಟಲಿಲ್ಲವೋ ಅದೇ ಮನೆಯವನು ಅವನ ಚಿತೆಗೆ ಬೆಂಕಿ ಇಡುತ್ತಾನೆ. ಭಾಗ್ಯಮ್ಮ ಕರೆದಳು, ಬೇಡಿಕೊಂಡಳು. ಬಾಗಿಲು ತೆರೆಯಲಿಲ್ಲ.

* * *

ಕೆಲವು ತಿಂಗಳ ಹಿಂದೆ ನವ್ಯಶ್ರೀಯ ಲ್ಯಾಪ್‌ಟಾಪಿನ ಒಂದು ಬದಿಯ ಕೀಲು ಮುರಿದು ಮುಚ್ಚಳ ಜೋತುಬಿದ್ದಿತ್ತು. ಕಾಲೇಜಿಗೆ ಪ್ರಾಜೆಕ್ಟ್ ಕೊಡುವ ಸಮಯ.

"ಅನಿಲಣ್ಣನ ರಿಪೇರಿ ಅಂಗಡಿಗೆ ಕೊಟ್ಟು ಬರ್ತೀನಪ್ಪ" ಎಂದಳು.

ಗೋವಿಂದರಾಜು ಕೆಂಡವಾದ. "ಅವನ ಕೈಗೆ ನಮ್ಮನೆ ಸಾಮಾನಾ? ಮಗ್ಗ ಬಿಚ್ಚಿ ಜೋಡ್ಸೋನಿಗೆ ಇದೊಂದು ದೊಡ್ಡದಾ? ನಾನೇ ಹಾಕ್ತೀನಿ."

ಹೊಸ ಕೀಲು ತರಿಸಿದ. ಮೊಬೈಲಿನಲ್ಲಿ ವಿಡಿಯೊ ನೋಡುತ್ತ, ಸಾಸಿವೆಯಂಥ ಸ್ಕ್ರೂಗಳನ್ನು ಊಟದ ತಟ್ಟೆಯಲ್ಲಿ ಸಾಲಾಗಿ ಇಟ್ಟುಕೊಂಡು ಬಿಚ್ಚಿದ. ಹಳೆಯದನ್ನು ತೆಗೆದ, ಹೊಸದನ್ನು ಕೂರಿಸಿದ. ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಆದರೆ ಅದು ದೊಡ್ಡಬಳ್ಳಾಪುರದ ಪವರ್‌ಲೂಮಿನಲ್ಲಿ ಪಳಗಿದ ಕೈ. ಮಗ್ಗದ ನಟ್ಟು ತೋಳು ನೋಯುವ ತನಕ ಬಿಗಿಯದಿದ್ದರೆ ಅದುರಿ ಅದುರಿ ಬಿಚ್ಚಿಕೊಳ್ಳುತ್ತದೆ. ಕೀಲಿನ ನಟ್ಟಿಗೂ ಅವನು ಅದೇ ಬಿಗಿ ಕೊಟ್ಟ.

ಬೆಳಿಗ್ಗೆ ನವ್ಯಶ್ರೀ ಮುಚ್ಚಳ ಎತ್ತಿದಳು, ಏಳಲಿಲ್ಲ. ಜೋರಾಗಿ ಎತ್ತಿದಳು. ಪರದೆ ಮೂಲೆಯಿಂದ ಮೂಲೆಗೆ ಸೀಳಿತು.

"ನಿನ್ನ ಹಟಕ್ಕೆ ನನ್ನ ಓದು ಬಲಿ ಕೊಟ್ಟೆ. ಇನ್ಮೇಲೆ ನನ್ನ ಮಾತಾಡಿಸ್ಬೇಡ" ಎಂದಳು.

ತಪ್ಪಾಯ್ತು ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? "ಅವನ ಕೈಗಂತೂ ಕೊಡ್ಲಿಲ್ಲ" ಎಂದು ಗೊಣಗಿ ಕೆಲಸಕ್ಕೆ ಹೊರಟೇಬಿಟ್ಟ. ಆ ದಿನ ಭಾಗ್ಯಮ್ಮನಿಗೂ ಅವನ ಮೇಲೆ ಮೈಯೆಲ್ಲ ಉರಿದಿತ್ತು.

* * *

"ಹೊತ್ತಾಯ್ತು. ಅನಿಲಾ, ಎತ್ಕೊಳ್ಳೋ" ಎಂದ ಆವಲಪ್ಪ.

"ಅವತ್ತು ನನ್ನ ಹತ್ರ ಕೊಟ್ಟಿದ್ರೆ ಟೀ ಕುಡಿಯೋಷ್ಟ್ರಲ್ಲಿ ಹಾಕ್ಕೊಡ್ತಿದ್ದೆ. ದೊಡ್ಡಪ್ಪಂಗೆ ಬರೀ ಜಂಬ" ಎಂದು ಅನಿಲ್ ನಕ್ಕ. ಹಿಂದೆ ಯಾರೋ ಕಿಸಕ್ಕೆಂದರು.

ಕೋಣೆಯ ಬಾಗಿಲು ಧಡಾರನೆ ತೆರೆಯಿತು. ಮುಖ ಊದಿಸಿಕೊಂಡ ನವ್ಯಶ್ರೀ ನೇರ ಅವನ ಮುಂದೆ ಬಂದು ನಿಂತಳು.

"ಹೌದು, ಜಂಬ. ಕೆಡಿಸಿದ್ದೂ ನಮ್ಮಪ್ಪನೇ. ಆ ಜಗಳ ನಂದೂ ಅವರದೂ, ನಿಂಗೇನು? ಲ್ಯಾಪ್‌ಟಾಪೇ ನಿನ್ನ ಕೈಗೆ ಕೊಡ್ಲಿಲ್ಲ ನಮ್ಮಪ್ಪ. ನಮ್ಮಪ್ಪನ್ನ ನಾನು ಕೊಡ್ತೀನಾ?"

ತಾಯಿಯ ಕೈಯಿಂದ ಮಡಕೆ ತೆಗೆದುಕೊಂಡು ಚಟ್ಟದ ಮುಂದೆ ಹೋಗಿ ನಿಂತಳು. ಭಾಗ್ಯಮ್ಮನಿಗೆ ಆಗ ದುಃಖ ಒತ್ತರಿಸಿ ಬಂತು.

"ಹೆಣ್ಣು ಮಡಕೆ ಹಿಡಿದ ಹೆಣಕ್ಕೆ ನಾವು ಹೆಗಲು ಕೊಡಲ್ಲ" ಎಂದು ಆವಲಪ್ಪ ಟವೆಲ್ ಕೊಡವಿ ಮಗನೊಂದಿಗೆ ಹಿಂದೆ ಸರಿದ. ಮೂರು ಮೂಲೆಗೆ ಮೂವರು ಬಗ್ಗಿದ್ದರು. ನಾಲ್ಕನೆಯ ಮೂಲೆಗೆ ಯಾರೂ ಬರಲಿಲ್ಲ. ಎಲ್ಲರೂ ಆವಲಪ್ಪನ ಮುಖ ನೋಡುತ್ತಿದ್ದರು.

ಭಾಗ್ಯಮ್ಮ ತನ್ನನ್ನು ಹಿಡಿದಿದ್ದ ಹೆಂಗಸರನ್ನು ದಬ್ಬಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೆಗಲು ಕೊಟ್ಟಳು. ಉಳಿದ ಮೂವರಿಗಿಂತ ಅವಳು ಗಿಡ್ಡ. ಚಟ್ಟ ಅವಳ ಕಡೆಗೇ ವಾಲಿ ಭಾರವೆಲ್ಲ ಅವಳ ಮೇಲೆ ಬಿತ್ತು, ಜೋರಾಗಿ ಏದುಸಿರು ಬರತೊಡಗಿತು. ಮಡಕೆ ಹಿಡಿದವರು ಹಿಂದಕ್ಕೆ ತಿರುಗಿ ನೋಡಬಾರದು. ನವ್ಯಶ್ರೀ ತಿರುಗಲಿಲ್ಲ; ಬೆನ್ನ ಹಿಂದಿನ ಆ ಏದುಸಿರು ಕೇಳುತ್ತಲೇ, ಹೊಗೆಯ ನಡುವೆ ತನ್ನ ಹೆಜ್ಜೆಗಳನ್ನು ಸಣ್ಣ ಮಾಡಿದಳು.