ಮುಂಗಾಲಿನ ಚರ್ಮ

ಕರಕಿಸ್‌ಗೂ ಅವಳ ಸತ್ತ ಗಂಡನ ಅಣ್ಣ ಸಮ್ದಾನ್‌ಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಹಿಮ ಬೀಳುವ ಮುಂಚೆ ಅವಳ ಕುದುರೆ ಕಾಣೆಯಾದ ಮೇಲೆ ಅದು ಹಗೆಯೇ ಆಗಿಹೋಯಿತು.

ಕುಲಾ ಎಂದು ಆ ಕುದುರೆಯ ಹೆಸರು. ಮಾಸಲು ಹಳದಿ ಬಣ್ಣದ ಹೆಣ್ಣುಕುದುರೆ. ಗಂಡ ಬಿಟ್ಟುಹೋದ ಆಸ್ತಿಯಲ್ಲಿ ಮೈಯಲ್ಲಿ ಉಸಿರಿದ್ದದ್ದು ಅದೊಂದು, ಜೊತೆಗೆ ನಾಲ್ಕು ಹಸು. ಒಂದು ಸಂಜೆ ಹೊಳೆದಂಡೆಯಲ್ಲಿ ಮೇಯುತ್ತಿದ್ದದ್ದು ಬೆಳಗಾಗುವುದರೊಳಗೆ ಇಲ್ಲ. ಅದೇ ವಾರ ಸಮ್ದಾನ್ ಚಳಿಗಾಲದ ಮಾಂಸಕ್ಕೆಂದು ಕುದುರೆಯೊಂದನ್ನು ಕಡಿದಿದ್ದ. ಕಡಿಯುವ ಕಾಲವೇ ಅದು, ಕಣಿವೆಯಲ್ಲಿ ಎಲ್ಲರೂ ಕಡಿಯುತ್ತಾರೆ. ಆದರೆ ಕರಕಿಸ್ ಅಷ್ಟೆಲ್ಲ ಯೋಚಿಸುತ್ತ ಕೂರುವ ಹೆಂಗಸಲ್ಲ. ಸೀದಾ ಹೋಗಿ ಅವನ ಬೇಲಿಯ ಮುಂದೆ ನಿಂತಳು.

"ಕಳ್ಳ! ತಮ್ಮನ ಹೆಂಡ್ತಿ ಕುದುರೇನ ಕೊಂದು ಒಲೆ ಮೇಲೆ ನೇತುಹಾಕ್ಕೊಂಡಿದೀಯಲ್ಲ, ಗಂಟಲಲ್ಲಿ ಇಳಿಯುತ್ತಾ ನಿನಗೆ?"

"ನಂದು ಕರಿ ಕುದುರೆ ಕಣೇ, ಕಣ್ಣಿಲ್ದೋಳೇ!"

"ಹಾಗಿದ್ರೆ ಚರ್ಮ ತೋರ್ಸು!"

ಚರ್ಮವನ್ನು ಅವನು ಹಿಂದಿನ ದಿನವೇ ವ್ಯಾಪಾರಿಗೆ ಕೊಟ್ಟಿದ್ದ. ಅವನು ಕೆಂಪಾಗಿ ಕಿರುಚಾಡಿದಷ್ಟೂ ಅವಳಿಗೆ ನಂಬಿಕೆ ಗಟ್ಟಿಯಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡಿದನಂತೆ ಎಂದು ಇಡೀ ಊರಿಗೆ ಕೇಳುವಂತೆ ಆಡಿದಳು. ಕೊನೆಗೆ ಹಿರಿಯರು ಸೇರಿ, ಸಾಕ್ಷಿಯಿಲ್ಲದೆ ಗಂಡನ ಅಣ್ಣನನ್ನು ಕಳ್ಳ ಅಂದದ್ದು ತಪ್ಪು, ಹಾಲು ಹಾಕಿದ ಉಪ್ಪು ಚಹಾದ ಬಟ್ಟಲು ಕೊಟ್ಟು ತಲೆಬಾಗಬೇಕು ಎಂದರು. ಅವಳು ಬಾಗಿದಳು. "ನನ್ನ ನಾಲಿಗೆ ತಪ್ಪಿತು ಭಾವ" ಎಂದಳು. ಸಮ್ದಾನ್ ಮೀಸೆಯಡಿ ನಗುತ್ತ ನಿಧಾನವಾಗಿ, ಬಟ್ಟಲ ತಳ ಕಾಣುವವರೆಗೂ ಕುಡಿದ. ಆ ನಗುವನ್ನು ಅವಳು ಇಡೀ ಚಳಿಗಾಲ ಮರೆಯಲಿಲ್ಲ. ಊರಿನ ಎದುರು ತನ್ನ ಮಾತು ನಿಜವಾಗಬೇಕು, ಆ ಮೀಸೆ ಕೆಳಗಿಳಿಯಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಬೇಲಿಯ ಮುಂದಿನ ಜಗಳದ ದಿನ ಅವಳ ಪರವಾಗಿ ತೋಳೇರಿಸಿ ನಿಂತವನು ಒಬ್ಬನೇ, ಅವಳ ತಮ್ಮ ದಾಂಜೂರ್. ಸಮ್ದಾನ್‌ನ ಕುತ್ತಿಗೆಪಟ್ಟಿ ಹಿಡಿದವನನ್ನು ಮೂರು ಜನ ಎಳೆದು ಬಿಡಿಸಬೇಕಾಯಿತು. ಆಮೇಲೂ ಅಷ್ಟೆ, ಮೇಲಿನ ಬಯಲಿನಲ್ಲಿ ಬಣವೆ ಹಾಕಿದ್ದ ಅವಳ ಹುಲ್ಲನ್ನು ಜಾರುಬಂಡಿಯಲ್ಲಿ ಹೇರಿಕೊಂಡು ಇಳಿಸಿ ತರುತ್ತಿದ್ದವನು ಅವನೇ. ಅವನಿಲ್ಲದಿದ್ದರೆ ಹಸುಗಳು ಯಾವಾಗಲೋ ಸತ್ತಿರುತ್ತಿದ್ದವು. ಹಬ್ಬಕ್ಕೆ ಮುಂಚೆ, "ಹೊಳೆಯಾಚೆ ಕಜಾಕ್ ಸ್ನೇಹಿತ ಕೊಟ್ಟ" ಎಂದು ಹೊಗೆ ಹಾಕಿದ ಕುದುರೆಮಾಂಸದ ಒಂದು ತೊಡೆಯನ್ನೂ ತಂದುಕೊಟ್ಟಿದ್ದ. ಒಡಹುಟ್ಟಿದವನು ಅಂದರೆ ಹೀಗಿರಬೇಕು ಎಂದು ಅವಳು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಹಿಮದ ಮೇಲೆ ನಡೆಯಲು ಕಾಲಿಗೆ ಕಟ್ಟುವ ಅವಳ ಸ್ಕೀ ಹಲಗೆಗಳ ಅಡಿಯ ಚರ್ಮ ಸವೆದು ಬೋಳಾಗಿತ್ತು. ಏರು ಹತ್ತಿದರೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ದಾಂಜೂರ್ ಹೊಸದು ಮಾಡಿಕೊಡುತ್ತೇನೆಂದಿದ್ದ. ಹಲಗೆ ಮಾಡುವುದರಲ್ಲಿ ಅವನ ಕೈ ಒಳ್ಳೆಯದು. ಹಾಗಾಗಿ ಒಂದು ಮಧ್ಯಾಹ್ನ ಅವನ ಅಂಗಳಕ್ಕೆ ಹೋದಳು.

ಅವನು ಸ್ಪ್ರೂಸ್ ಮರದ ಎರಡು ಹಲಗೆಗಳನ್ನು ಬಾಚಿಯಿಂದ ಕೆತ್ತಿ ತೆಳ್ಳಗೆ ಮಾಡಿಟ್ಟಿದ್ದ. ತುದಿಗಳನ್ನು ಕುದಿನೀರಲ್ಲಿ ಮೆದುಮಾಡಿ ಗೂಟಗಳ ನಡುವೆ ಸಿಕ್ಕಿಸಿ ಬಗ್ಗಿಸುವುದು ಬಾಕಿ.

"ಚರ್ಮ ಯಾವ್ದು ಹಾಕ್ತೀಯೋ?" ಎಂದು ಕೇಳಿದಳು.

"ಹಸುವಿಂದು ಇದೆ ಅಕ್ಕ."

"ಹಸುವಿಂದಾ? ನಾನೇನು ಗುಡ್ಡದ ಮೇಲಿಂದ ಉರುಳಿ ಸಾಯ್ಲಾ? ಕುದುರೆ ಮುಂಗಾಲಿಂದು ಇಲ್ವಾ?"

"ಎಲ್ಲಿ ಸಿಗುತ್ತೆ ಈ ವರ್ಷ? ಎಲ್ರೂ ಮಾರ್ಕೊಂಡ್ರು" ಎಂದು ಅವನು ಮುಖ ಎತ್ತದೆ ಹೇಳಿದ.

ಮುಂಗಾಲಿನ ಮೊಣಕಾಲ ಕೆಳಗಿನ ಚರ್ಮಕ್ಕೆ ಸಮ ಬೇರೆ ಯಾವುದೂ ಇಲ್ಲ. ಅಲ್ಲಿನ ಕೂದಲು ಗಿಡ್ಡ, ಬಿರುಸು. ಹಸಿಯಾಗಿರುವಾಗಲೇ ಕೂದಲು ಹಿಂದಕ್ಕೆ ಮಲಗುವಂತೆ ಹಲಗೆಯ ಅಡಿಗೆ ಎಳೆದು ಬಿಗಿದರೆ, ಇಳಿಜಾರಿನಲ್ಲಿ ಬೆಣ್ಣೆಯ ಹಾಗೆ ಜಾರುತ್ತದೆ, ಏರಿನಲ್ಲಿ ಹಿಮವನ್ನು ಕಚ್ಚಿಕೊಂಡು ನಿಲ್ಲುತ್ತದೆ. ಅಂಥ ಚರ್ಮ ಸಿಕ್ಕರೆ ಈ ಕಣಿವೆಯ ಗಂಡಸು ಹೆಂಡತಿಗೂ ತೋರಿಸದೆ ಬಚ್ಚಿಡುತ್ತಾನೆ. ಹಾಗಾಗಿ ತಮ್ಮನ ಮಾತಿನಲ್ಲಿ ಅವಳಿಗೆ ವಿಶೇಷವೇನೂ ಕಾಣಲಿಲ್ಲ.

ಅವನು ನೀರು ತರಲು ಒಳಗೆ ಹೋದ. ಹೊಸ ಹಲಗೆಯ ಉದ್ದ ಗುರುತು ಮಾಡಲು ಹಳೆಯ ಹಲಗೆಯನ್ನೇ ಅದರ ಮೇಲಿಟ್ಟು ಇದ್ದಿಲಿನಲ್ಲಿ ಗೆರೆ ಎಳೆಯುವುದು ರೂಢಿ. ಅವಳು ತನ್ನವನ್ನು ಮನೆಯಲ್ಲೇ ಬಿಟ್ಟು ನಡೆದು ಬಂದಿದ್ದಳು, ಕೆಲಸ ಬೇಗ ಮುಗಿಯಲಿ ಎಂದು ಅವನ ಸ್ಕೀಗಳಿಗಾಗಿ ನೋಡಿದಳು. ಎಲ್ಲರೂ ಬಾಗಿಲ ಪಕ್ಕ ಹಿಮದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸುತ್ತಾರೆ. ಇವನು ಮಾತ್ರ ಗೋಡೆಯ ಮರೆಗೆ ಬೋರಲು ಮಲಗಿಸಿದ್ದ. ಸೋಮಾರಿ ಎಂದು ಬೈದುಕೊಂಡು ಒಂದನ್ನು ಎತ್ತಿ ತಿರುಗಿಸಿದಳು.

ಅಡಿಯಲ್ಲಿ ಮುಂಗಾಲಿನ ಚರ್ಮವಿತ್ತು, ಮಾಸಲು ಹಳದಿ. ಪಾದದ ಜಾಗಕ್ಕೆ ಸರಿಯಾಗಿ ಒಂದು ಓರೆ ಗೆರೆ, ಗೆರೆಯ ಎರಡೂ ಬದಿಗೆ ಬಿಳಿಕೂದಲ ಚುಕ್ಕೆಗಳು. ಎರಡು ಬೇಸಗೆಯ ಹಿಂದೆ ಕುಲಾ ಮುಳ್ಳುತಂತಿಗೆ ಸಿಕ್ಕಿ ಕಾಲು ಸೀಳಿಕೊಂಡಾಗ, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಹೊಲಿಗೆ ಹಾಕಿದವಳು ಕರಕಿಸ್ಸೇ. ತನ್ನ ಕೈಯ ಹೊಲಿಗೆಯನ್ನು ಯಾವ ಹೆಂಗಸು ತಾನೇ ಗುರುತಿಸುವುದಿಲ್ಲ?

"ಅಕ್ಕ, ಅದನ್ನ ಮುಟ್ಬೇಡ!" ದಾಂಜೂರ್ ಕುದಿನೀರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಅವಳು ಇನ್ನೊಂದು ಕೈಯಲ್ಲಿ ಬಾಚಿ ಎತ್ತಿಕೊಂಡಳು. "ಹೇಳು."

"ಕದೀಲಿಲ್ಲ ಅಕ್ಕ, ದೇವರಾಣೆ. ಮದುವೆ ಮನೆಗೆ ಹೋಗ್ಬೇಕಿತ್ತು, ಕೇಳಿದ್ರೆ ನೀನು ಕೊಡ್ತಿರ್ಲಿಲ್ಲ. ಬೆಳಗಾಗೋದ್ರೊಳಗೆ ತಂದು ಕಟ್ಟೋಣ ಅಂತ... ಸ್ವಲ್ಪ ಕುಡಿದಿದ್ದೆ. ಕಲ್ಲುರಾಶಿ ಮೇಲೆ ಬಿತ್ತು. ಹಿಂಗಾಲು ಮುರೀತು. ಬಿಟ್ಟು ಬರೋಕಾಗುತ್ತಾ? ಕುತ್ತಿಗೆ ಕೊಯ್ದೆ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಣಾಂತಲೇ ಬಂದೆ. ಅಷ್ಟೊತ್ತಿಗೆ ನೀನು ಸಮ್ದಾನ್ ಬೇಲಿ ಮುಂದೆ ನಿಂತು ಕೂಗ್ತಿದ್ದೆ. ಎಲ್ರೂ ಸೇರಿದ್ರು. ಹೇಗೆ ಹೇಳ್ಲಿ?"

"ಹೇಗೆ ಹೇಳ್ಲಿ ಅಂತ ಅವನ ಕುತ್ತಿಗೆ ಹಿಡಿದ್ಯಾ?"

ಅವನು ಪಾತ್ರೆಯನ್ನು ಕೆಳಗಿಟ್ಟ. ಜೀನನ್ನು ಸುಟ್ಟಿದ್ದ, ತಲೆಯನ್ನು ಹೂತಿದ್ದ, ಉಳಿದ ಚರ್ಮವನ್ನು ಹೊಳೆಗೆ ಎಸೆದಿದ್ದ. ಅಷ್ಟೆಲ್ಲ ಬುದ್ಧಿ ಓಡಿಸಿದವನಿಗೆ ಆ ಎರಡು ಮುಂಗಾಲನ್ನು ಎಸೆಯಲು ಮಾತ್ರ ಕೈ ಬರಲಿಲ್ಲ. ಕಣಿವೆಯ ಯಾವ ಗಂಡಸಿಗೂ ಬರುತ್ತಿರಲಿಲ್ಲ ಬಿಡಿ.

"ಆ ಕಜಾಕ್ ಸ್ನೇಹಿತನ ಮಾಂಸ?" ಎಂದು ಅವಳು ಕೇಳಿದಳು. ಉತ್ತರ ಗೊತ್ತಿದ್ದೇ ಕೇಳಿದಳು.

"ನೀನು ಉಪವಾಸ ಇರ್ಬಾರ್ದು ಅಂತ ಅಕ್ಕ..."

"ನನ್ನ ಕುದುರೇನ ನನಗೇ ತಿನ್ಸಿದ್ಯಲ್ಲೋ, ಪಾಪಿ!"

ಬಾಚಿಯನ್ನು ಎಸೆದು, ಬಾಯಿಗೆ ಹಿಮ ತುಂಬಿಕೊಂಡು ಉಗಿದಳು, ಮತ್ತೆ ತುಂಬಿಕೊಂಡು ಉಗಿದಳು. ಆಮೇಲೆ ಎರಡೂ ಸ್ಕೀಗಳನ್ನು ನೆಲಕ್ಕೆ ಹಾಕಿ, ಪಟ್ಟಿಗಳಿಗೆ ಕಾಲು ತೂರಿಸಿದಳು.

"ಎಲ್ಲಿಗೆ? ಅಕ್ಕ, ಯೋಚ್ನೆ ಮಾಡು. ಆ ಮುದಿಯ ನಿನ್ನ ಯಾವತ್ತೂ ಮನುಷ್ಯಳು ಅಂತ ನೋಡಿಲ್ಲ. ಈಗ ಹೇಳಿದ್ರೆ ಊರಲ್ಲಿ ನಂಗೆ ಮುಖ ಇರಲ್ಲ. ನಿನ್ನ ಹುಲ್ಲು ಯಾರು ತರ್ತಾರೆ ಆಮೇಲೆ?"

ಮಾತು ನಿಜವೇ. ಸಮ್ದಾನ್ ಸಜ್ಜನನೇನಲ್ಲ. ಕರಕಿಸ್‌ಳ ಗಂಡ ಜ್ವರದಲ್ಲಿ ಮಲಗಿದ್ದಾಗ ಅವನು ಬಾಗಿಲು ಕೂಡ ತಟ್ಟಿರಲಿಲ್ಲ. ಇವಳು ಬಾಯಿ ಮುಚ್ಚಿಕೊಂಡಿದ್ದರೆ ತಮ್ಮನೂ ಉಳಿಯುತ್ತಿದ್ದ, ಹಸುಗಳೂ ಉಳಿಯುತ್ತಿದ್ದವು, ಕೆಟ್ಟವನಿಗೆ ಕೆಟ್ಟ ಹೆಸರು ಉಳಿಯುತ್ತಿತ್ತು. ಆದರೆ ಕಳ್ಳ ಅಂದದ್ದು ಅವಳ ಬಾಯಿ. ಅವಳು ಕೋಲು ಊರಿ ಹೊರಟಳು.

ಸಮ್ದಾನ್‌ನ ಮನೆ ಏರಿನ ಮೇಲೆ. ಒಂದು ಹೆಜ್ಜೆಯೂ ಹಿಂದಕ್ಕೆ ಜಾರಲಿಲ್ಲ. ಬದುಕಿದ್ದಾಗಲೂ ಕುಲಾ ಈ ಏರನ್ನು ಹೀಗೆಯೇ ತಲೆ ತಗ್ಗಿಸಿಕೊಂಡು ಹತ್ತುತ್ತಿತ್ತು.

ಬೇಲಿಯ ಮುಂದೆ, ಅಂದು ನಿಂತ ಜಾಗದಲ್ಲೇ ನಿಂತು, ಸ್ಕೀಗಳನ್ನು ಬಿಚ್ಚಿ ಕೂದಲಿನ ಮುಖ ಬೀದಿಗೆ ಕಾಣುವಂತೆ ಹಿಮದಲ್ಲಿ ಚುಚ್ಚಿದಳು.

"ಭಾವ! ಹೊರಗೆ ಬಾ!"

ಸಮ್ದಾನ್ ಬಂದ. ಅಕ್ಕಪಕ್ಕದ ಬಾಗಿಲುಗಳೂ ತೆರೆದವು. ಅವನು ಬಗ್ಗಿ ಚರ್ಮ ನೋಡಿದ, ಹೊಲಿಗೆಯ ಮೇಲೆ ಬೆರಳಾಡಿಸಿದ.

"ಇದು ನಿನ್ನ ಕುದುರೆ."

"ಹೂಂ."

"ಹಲಗೆ ಯಾರ್ದು?"

ಅವಳು ಅಂದಿನಷ್ಟೇ ಜೋರಾಗಿ ಹೇಳಿದಳು. "ನನ್ನ ತಮ್ಮ ದಾಂಜೂರ್‌ದು. ನಿನ್ನ ಕಳ್ಳ ಅಂದಿದ್ದು ನನ್ನ ತಪ್ಪು."

ಮೀಸೆಯಡಿಯ ಅದೇ ನಗು ಮತ್ತೆ ಹೊರಬಂತು. "ಆವತ್ತು ಚಹಾ ತಂದಿದ್ದೆ. ಇವತ್ತು ಬರಿಗೈಲಿ ಬಂದ್ಯಾ?"

"ಆವತ್ತು ಸುಳ್ಳು ಹೇಳೋಕೆ ಚಹಾ ಬೇಕಿತ್ತು ಭಾವ. ಇವತ್ತು ಬೇಡ."

ಯಾರೋ ಕಿಸಕ್ಕನೆ ನಕ್ಕರು. ಸಮ್ದಾನ್‌ನ ಮುಖ ಗಂಟಿಕ್ಕಿತು. "ಇನ್ಮೇಲೆ ಹುಲ್ಲು ತರೋಕೆ ನಾನು ಬರ್ತೀನಿ ಅಂತ ಕನಸು ಕಾಣ್ಬೇಡ."

"ನಾನು ಕೇಳ್ಲಿಲ್ಲ."

"ಕೇಳಿದ್ರೂ ಬರಲ್ಲ."

"ಬಂದ್ರೂ ಬೇಲಿ ಒಳಗೆ ಬಿಡಲ್ಲ" ಎಂದು ಅವಳು ತಿರುಗಿದಳು.

ಸ್ಕೀಗಳನ್ನು ಅಲ್ಲೇ ಬಿಟ್ಟದ್ದರಿಂದ ಹೆಜ್ಜೆ ಹೆಜ್ಜೆಗೂ ತೊಡೆಯವರೆಗೆ ಹೂತುಕೊಳ್ಳುತ್ತ ಇಳಿದಳು. ಅರ್ಧ ದಾರಿಯಲ್ಲಿ ದಾಂಜೂರ್ ಎದುರಾದ, ಅವನೂ ಸ್ಕೀಗಳಿಲ್ಲದೆ ಬರೀ ಬೂಟಿನಲ್ಲಿ ಹೂತುಕೊಳ್ಳುತ್ತ, ಏದುಸಿರು ಬಿಡುತ್ತ.

"ಅಕ್ಕ, ಹೇಳ್ಬಿಟ್ಯಾ?"

ಅವಳು ನಿಲ್ಲಲಿಲ್ಲ. ಅವನೇ ಪಕ್ಕಕ್ಕೆ ಸರಿದು ಸೊಂಟದವರೆಗೆ ಹಿಮದಲ್ಲಿ ಇಳಿದು ದಾರಿ ಬಿಟ್ಟ.

"ನಾಳೆ ಹುಲ್ಲು ತಂದು ಹಾಕ್ತೀನಿ ಅಕ್ಕ. ಬೈಯ್ಕೋ, ಹೊಡಿ, ಹುಲ್ಲಾದ್ರೂ ತರೋಕೆ ಬಿಡು."

"ನಿನ್ನ ಕೈ ಮುಟ್ಟಿದ್ದು ನನ್ನ ಹಸುಗಳಿಗೂ ಬೇಡ" ಎಂದಳು.

ಮನೆಯ ಹತ್ತಿರ ಬಂದಾಗ ಅವಳ ಹೆಜ್ಜೆಯ ಸದ್ದು ಕೇಳಿ ಕೊಟ್ಟಿಗೆಯೊಳಗೆ ನಾಲ್ಕೂ ಹಸುಗಳು ಒಟ್ಟಿಗೆ ಕೂಗಿದವು. ಒಳಗೆ ಹೋಗಿ, ಮೂಲೆಯಲ್ಲಿ ಉಳಿದಿದ್ದ ಹುಲ್ಲನ್ನು ತಬ್ಬಿ ಎತ್ತಿದಳು. ಒಂದೇ ತಬ್ಬಿಗೆ ಎಲ್ಲ ಬಂದುಬಿಟ್ಟಿತು.